ಕೂಡಿ ನಡೆಯುವವರ ವೇಗ

ಜನ ಹೆಚ್ಚಿದಷ್ಟೂ ನಡಿಗೆ ನಿಧಾನವಾಗುತ್ತದೆ. ಜಾತ್ರೆಗೆ ಹೊರಟ ಪಾದಯಾತ್ರಿಗಳು, ಹೇರೆತ್ತುಗಳ ಸಾಲು, ಯುದ್ಧಕ್ಕೆ ಹೊರಟ ದಂಡು, ಗಾಲ್ಫ್ ಮೈದಾನದ ಆಟಗಾರರು, ಯಾರನ್ನೇ ನೋಡಿದರೂ ಇದು ನಿಜ. ಇಲ್ಲಿಯವರೆಗೆ ಇದು ಬರೀ ಲೆಕ್ಕ. ಆ ನಿಧಾನವನ್ನು ಯಾರು ಸಹಿಸಿಕೊಳ್ಳಬೇಕು ಎಂದು ಕೇಳಿದ ಕೂಡಲೇ ಲೆಕ್ಕ ಮುಗಿದು ಧರ್ಮದ ಪ್ರಶ್ನೆ ಶುರುವಾಗುತ್ತದೆ. ಮುಂದೆ ಹೋದವನು ನಿಂತು ಕಾಯಬೇಕೇ? ಹಿಂದುಳಿದವನು ಗುಂಪನ್ನು ಬಿಟ್ಟುಕೊಡಬೇಕೇ? ಇಡೀ ಗುಂಪಿನ ಬೆನ್ನಿಗೆ ಬಂದು ನಿಂತ ಬೇರೆಯವರಿಗೆ ದಾರಿ ಬಿಡಬೇಕೇ? ಮೊದಲೆರಡು ಪ್ರಶ್ನೆಗಳು ಗುಂಪಿನ ಒಳಗಿನವು, ಮೂರನೆಯದು ಹೊರಗಿನದು. ಗುಂಪು ದೊಡ್ಡದಾದಂತೆ ಒಳಗಿನ ಕರ್ತವ್ಯ ಎಲ್ಲರ ಕಣ್ಣಿಗೂ ಬೀಳುತ್ತದೆ, ಹೊರಗಿನದು ಮರೆತುಹೋಗುತ್ತದೆ.

ನಿಧಾನಕ್ಕೆ ಕಾರಣಗಳು ಎರಡು ಬಗೆ. ಒಂದು, ಎಲ್ಲರೂ ಜೊತೆಯಲ್ಲೇ ಇರಬೇಕು ಎಂದು ನಿಶ್ಚಯಿಸಿದವರಲ್ಲಿ ಅತಿ ನಿಧಾನದವನ ಹೆಜ್ಜೆಯೇ ಎಲ್ಲರ ಹೆಜ್ಜೆಯಾಗುವುದು. ನಾಲ್ಕು ಮಂದಿಯಲ್ಲಿ ಮಂಡಿನೋವಿನವರು ಯಾರೂ ಇಲ್ಲದೆ ಇರಬಹುದು, ನಲವತ್ತು ಮಂದಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಇನ್ನೊಂದು, ಒಬ್ಬೊಬ್ಬರ ತಡವೂ ಒಂದರ ಮೇಲೊಂದು ಕೂಡಿಕೊಳ್ಳುವುದು. ಚಪ್ಪಲಿಯ ಉಂಗುಷ್ಠ ಕಿತ್ತುಹೋದದ್ದು, ನೀರಡಿಕೆ, ಮಗುವಿನ ಅಳು ಇಂಥದ್ದಕ್ಕೆ ಪ್ರತಿಯೊಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಐದೈದು ನಿಮಿಷ ನಿಂತರೆ, ಎಲ್ಲರೂ ಕಾಯುವ ಹತ್ತು ಜನರ ಗುಂಪಿಗೆ 50 ನಿಮಿಷ ಹೋಗುತ್ತದೆ. ನಲವತ್ತು ಜನರ ಗುಂಪಿಗೆ ಹೋಗುವುದು ಮೂರು ಗಂಟೆ ಇಪ್ಪತ್ತು ನಿಮಿಷ. ಇದರಲ್ಲಿ ಯಾರ ತಪ್ಪೂ ಇಲ್ಲ. ಒಬ್ಬೊಬ್ಬರೂ ನಿಂತದ್ದು ಐದೇ ನಿಮಿಷ. ಗುಂಪಿನ ನಿಧಾನದಲ್ಲಿ ತಪ್ಪಿತಸ್ಥನನ್ನು ಹುಡುಕುವ ಚಾಳಿ ಹೆಚ್ಚಿನ ಸಲ ದಾರಿ ತಪ್ಪುವುದು ಇದಕ್ಕೇ.

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರುವರಿಯಲ್ಲೂ ಈ ಪ್ರಶ್ನೆ ನಡೆದುಕೊಂಡೇ ಬರುತ್ತದೆ. ಬಂಜಾರರ, ಎಂದರೆ ಲಂಬಾಣಿಗರ, ಸಂತ ಸೇವಾಲಾಲ್ ಮಹಾರಾಜರು 1739ರ ಫೆಬ್ರುವರಿ 15ರಂದು ಹುಟ್ಟಿದರೆಂದು ಸಮುದಾಯ ನಂಬುವ ಊರು ಇದು. ಭಾಯಾಗಢ ಎಂಬ ಹೆಸರೂ ಇದಕ್ಕುಂಟು. ಜಯಂತಿಯ ಹೊತ್ತಿಗೆ ಮಾಲೆ ಧರಿಸಿದವರು ತಮ್ಮ ತಮ್ಮ ತಾಂಡಾಗಳಿಂದ ಕಾಲ್ನಡಿಗೆಯಲ್ಲಿ ಬಂದು ಸೇವಾಲಾಲರಿಗೂ ಮರಿಯಮ್ಮನಿಗೂ ಹರಕೆ ಒಪ್ಪಿಸುತ್ತಾರೆ. ಒಂದು ತಾಂಡಾದ ಗುಂಪಿನಲ್ಲಿ ಹದಿಹರೆಯದವರೂ ಇರುತ್ತಾರೆ, ವಯಸ್ಸಾದವರೂ ಇರುತ್ತಾರೆ. ಹರಕೆ ಒಬ್ಬೊಬ್ಬರದು, ನಡಿಗೆ ಎಲ್ಲರದು.

ಈ ಸಮುದಾಯಕ್ಕೆ ಕೂಡಿ ನಡೆಯುವುದು ಹಬ್ಬದ ದಿನದ ಆಚಾರ ಮಾತ್ರ ಆಗಿರಲಿಲ್ಲ, ಶತಮಾನಗಳ ಕಾಲ ಅದೇ ಬದುಕಾಗಿತ್ತು. ಇಂದು ಊರಿನಂತೆ ನೆಲೆ ನಿಂತಿರುವ ತಾಂಡಾ ಅಂದು ಧಾನ್ಯ, ಉಪ್ಪು ಹೇರಿಕೊಂಡು ಸಾಗುವ ಎತ್ತುಗಳ ಮತ್ತು ಸಂಸಾರಗಳ ತಂಡ. 1632ರಲ್ಲಿ ಉತ್ತರ ಭಾರತದಲ್ಲಿ ಪ್ರಯಾಣ ಮಾಡುತ್ತಿದ್ದ ಇಂಗ್ಲಿಷ್ ವ್ಯಾಪಾರಿ ಪೀಟರ್ ಮಂಡಿ 14,000 ಎತ್ತುಗಳ ಒಂದು ತಾಂಡಾವನ್ನು ಕಂಡ. ಇಂಥ ತಂಡಗಳಲ್ಲಿ ಆರೇಳು ನೂರು ಗಂಡಸರು, ಹೆಂಗಸರು, ಮಕ್ಕಳು ಇರುವರೆಂದೂ, ತಂಪು ಹೊತ್ತಿನಲ್ಲಷ್ಟೇ ನಡೆದು ದಿನಕ್ಕೆ ಹೆಚ್ಚೆಂದರೆ ಆರೇಳು ಮೈಲಿ ಸಾಗುವರೆಂದೂ ಬರೆದಿಟ್ಟ. ಆರೇಳು ಮೈಲಿ ಎಂದರೆ ಹತ್ತು ಹನ್ನೊಂದು ಕಿಲೋಮೀಟರ್. ಒಂಟಿ ಎತ್ತು ಅಷ್ಟು ದೂರವನ್ನು ಮೂರ್ನಾಲ್ಕು ಗಂಟೆಯಲ್ಲಿ ಮುಗಿಸುತ್ತದೆ.

ಉಳಿದ ಹೊತ್ತು ಎಲ್ಲಿ ಹೋಯಿತು? ಒಂದು ಎತ್ತಿಗೆ ಎರಡು ಮೀಟರ್ ಜಾಗ ಎಂದುಕೊಂಡರೂ 14,000 ಎತ್ತುಗಳು ಒಂದರ ಹಿಂದೊಂದು ನಿಂತಾಗ ಸಾಲಿನ ಉದ್ದ 28 ಕಿಲೋಮೀಟರ್. ದಿನದ ಪಯಣಕ್ಕಿಂತ ಸಾಲೇ ಉದ್ದ! ಮುಂದಿನ ಎತ್ತು ಸಂಜೆಯ ಬಿಡಾರ ತಲುಪಿದಾಗ ಹಿಂದಿನದು ಬೆಳಗಿನ ಬಿಡಾರವನ್ನು ಬಿಟ್ಟೇ ಇರುವುದಿಲ್ಲ. ಹಾಗಾಗಿ ಬಯಲಿನಲ್ಲಿ ಅಗಲಕ್ಕೆ ಹರಡಿಕೊಂಡು ನಡೆಯದೆ ವಿಧಿಯಿಲ್ಲ. ಹರಡದಿದ್ದರೆ ಹಿಂದಿನ ಎತ್ತಿಗೆ ಮೇವೂ ಸಿಗದು. ಕಣಿವೆ, ಹೊಳೆಗಡ ಬಂದಾಗ ಮತ್ತೆ ಒಂಟಿ ಸಾಲಾಗಬೇಕು. ಹದಿನೇಳನೆಯ ಶತಮಾನದ ಫ್ರೆಂಚ್ ವಜ್ರವ್ಯಾಪಾರಿ ತಾವೆರ್ನಿಯೆ ಹೇಳುವ ಪ್ರಕಾರ, ಹತ್ತು ಹನ್ನೆರಡು ಸಾವಿರ ಎತ್ತುಗಳ ತಂಡ ಎದುರಾದರೆ ಅದು ದಾಟುವವರೆಗೆ ಪ್ರಯಾಣಿಕರು ಕೆಲವೊಮ್ಮೆ ಎರಡು ಮೂರು ದಿನ ಕಾಯಬೇಕಾಗುತ್ತಿತ್ತು. ಮೇಲಿನ ಲೆಕ್ಕ ನೋಡಿದರೆ ಇದು ಉತ್ಪ್ರೇಕ್ಷೆಯಲ್ಲ.

ಈ ನಿಧಾನವನ್ನು ತಾಂಡಾದ ಒಳಗೆ ಯಾರೂ ಕೊರತೆ ಎಂದು ಎಣಿಸಿದಂತೆ ಕಾಣದು. ಹೆರಿಗೆ, ಮದುವೆ, ಸಾವು ಎಲ್ಲವೂ ದಾರಿಯಲ್ಲೇ ನಡೆಯುವಾಗ ದಾರಿಯೇ ಮನೆ. ನಾಯಕ, ಕಾರಭಾರಿ, ಡಾವ್ ಎಂಬ ಹಿರಿಯರ ವ್ಯವಸ್ಥೆ ಇಂದಿಗೂ ತಾಂಡಾಗಳಲ್ಲಿ ಉಳಿದಿದೆ, ಯಾವಾಗ ಹೊರಡಬೇಕು, ಎಲ್ಲಿ ಇಳಿಯಬೇಕು ಎಂಬ ತೀರ್ಮಾನ ನಾಯಕನದಾಗಿತ್ತು. ತೊಡಕು ಹುಟ್ಟುತ್ತಿದ್ದದ್ದು ಎರಡು ತಾಂಡಾಗಳು ಇಕ್ಕಟ್ಟಿನಲ್ಲಿ ಎದುರಾದಾಗ. ಮೊದಲು ಯಾರು ದಾಟಬೇಕು ಎಂಬ ಜಗಳ ರಕ್ತಪಾತಕ್ಕೆ ತಿರುಗಿ, ಮೊಗಲ್ ಬಾದಶಹನೇ ಇಬ್ಬರು ನಾಯಕರನ್ನು ಕರೆಸಿ ಬುದ್ಧಿ ಹೇಳಿ, ಇಬ್ಬರಿಗೂ ಸಮನಾದ ಉಡುಗೊರೆ ಕೊಟ್ಟು ಕಳಿಸಿದನೆಂಬ ಕಥೆಯನ್ನೂ ತಾವೆರ್ನಿಯೆ ಬರೆದಿದ್ದಾನೆ. ಒಳಗೆ ಕುಂಟುವ ಎತ್ತಿಗೂ ಕಾಯುತ್ತಿದ್ದವರು ಹೊರಗಿನವರಿಗೆ ಒಂದು ಗಳಿಗೆ ಕಾಯಲು ಒಪ್ಪಲಿಲ್ಲ. ಗುಂಪಿನ ಒಳಗಿನ ಸಹನೆ ತಾನಾಗಿಯೇ ಹೊರಗೆ ಹರಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇದೇ ತೊಡಕಿಗೆ ಲಿಖಿತ ನಿಯಮ ಹುಡುಕಿದವರು, ವಿಚಿತ್ರವೆನಿಸಿದರೂ, ಗಾಲ್ಫ್ ಆಡುವವರು. ನ್ಯಾಮತಿಯಲ್ಲಿ ಗಾಲ್ಫ್ ಇಲ್ಲ. ಬೆಂಗಳೂರಿನಲ್ಲಿ 1876ರಿಂದ ಇದೆ. ಹದಿನೆಂಟು ಕುಳಿಗಳ ಒಂದೇ ದಾರಿಯಲ್ಲಿ ಹಲವು ಗುಂಪುಗಳು ಒಂದರ ಹಿಂದೆ ಒಂದು ಸಾಗುವ ಈ ಆಟದಲ್ಲಿ ತಡ ಕೂಡಿಕೊಳ್ಳುತ್ತಲೇ ಹೋಗುತ್ತದೆ. ಒಬ್ಬ ಸಾಧಾರಣ ಆಟಗಾರ 90 ಹೊಡೆತಗಳಲ್ಲಿ ಆಟ ಮುಗಿಸುತ್ತಾನೆ ಎಂದುಕೊಳ್ಳೋಣ. ಒಂದು ಹೊಡೆತಕ್ಕೆ 40 ಸೆಕೆಂಡು ಮೀರದಿರಲಿ ಎನ್ನುತ್ತವೆ 2019ರ ನಿಯಮಗಳು. ಅದನ್ನು ಪೂರ್ತಿ ಬಳಸಿದರೆ ಒಬ್ಬನ ಪಾಲು ಒಂದು ಗಂಟೆ. ಇಬ್ಬರಿದ್ದರೆ ಎರಡು, ನಾಲ್ವರಿದ್ದರೆ ನಾಲ್ಕು. ನಡೆಯುವ ಹೊತ್ತು ಮಾತ್ರ ಎಷ್ಟೇ ಜನರಿದ್ದರೂ ಹೆಚ್ಚುಕಡಿಮೆ ಅಷ್ಟೇ. ಹೊಡೆಯಲು ಸಿದ್ಧನಿರುವವನು ಸರದಿಗೆ ಕಾಯದೆ ಹೊಡೆಯಲಿ ಎಂದು ಅದೇ ನಿಯಮಗಳು ಪ್ರೋತ್ಸಾಹಿಸುವುದು ಈ ಕೂಡಿಕೆಯನ್ನು ತಗ್ಗಿಸಲಿಕ್ಕಾಗಿ.

ದಾರಿ ಬಿಡುವ ವಿಷಯದಲ್ಲಿ ಈ ಆಟದ ನೀತಿ ಒಮ್ಮೆ ತಿರುವು ತೆಗೆದುಕೊಂಡಿತು. ಹಳೆಯ ಶಿಷ್ಟಾಚಾರದ ಪ್ರಕಾರ ಇಬ್ಬರ ಗುಂಪಿಗೆ ಮೂವರ, ನಾಲ್ವರ ಗುಂಪನ್ನು ದಾಟಿ ಹೋಗುವ ಹಕ್ಕಿತ್ತು. ಒಂಟಿ ಆಟಗಾರನಿಗೆ ಯಾವ ಹಕ್ಕೂ ಇರಲಿಲ್ಲ, ಎಷ್ಟೇ ಚುರುಕಾಗಿದ್ದರೂ ಅವನು ಎಲ್ಲರಿಗೂ ದಾರಿ ಬಿಡಬೇಕಿತ್ತು. 2004ರಲ್ಲಿ ಇದು ಬದಲಾಯಿತು. ಗುಂಪಿನಲ್ಲಿ ಎಷ್ಟು ಜನ ಎಂಬುದು ಮುಖ್ಯವಲ್ಲ, ಮುಂದಿನ ಗುಂಪಿಗಿಂತ ಒಂದು ಕುಳಿಯಷ್ಟು ಹಿಂದೆ ಬಿದ್ದು ಹಿಂದಿನವರನ್ನು ತಡೆಯುತ್ತಿದ್ದರೆ, ಹಿಂದಿನವರನ್ನು ತಾವೇ ಕರೆದು ದಾಟಿಸಬೇಕು ಎಂದಾಯಿತು. ಹಕ್ಕು ಸಂಖ್ಯೆಯಿಂದ ನಡತೆಗೆ ಜಾರಿತು. ದಾಟುವವನು ಕೇಳಿ ಪಡೆಯಬೇಕಿದ್ದದ್ದನ್ನು ತಡೆಯುವವನು ನೋಡಿ ಕೊಡಬೇಕಾಯಿತು. ಕರ್ತವ್ಯವನ್ನು ಸರಿಯಾದ ಹೆಗಲಿಗೆ ಏರಿಸಿದ್ದು ಈ ಎರಡನೆಯ ರೂಪ. ಕಾಯುತ್ತಿರುವವನಿಗೆ ತಾನು ಕಾಯುತ್ತಿರುವುದು ಹೇಗೂ ಗೊತ್ತು, ಕಾಯಿಸುತ್ತಿರುವವನು ತಿರುಗಿ ನೋಡಬೇಕು.

ಗುಂಪೇ ಬೇಡ ಎಂಬ ಉತ್ತರವನ್ನೂ ಧರ್ಮಗಳು ಪರೀಕ್ಷಿಸಿವೆ. ಬೌದ್ಧರ ಸುತ್ತನಿಪಾತದ ಖಗ್ಗವಿಸಾಣ ಸುತ್ತ ಒಂಟಿಯಾಗಿ ಸಂಚರಿಸುವುದನ್ನು ಹೊಗಳುತ್ತದೆ. ಆದರೆ ವಿವೇಕಿಯಾದ ಜೊತೆಗಾರ ಸಿಕ್ಕರೆ ಅವನೊಂದಿಗೆ ಹೋಗಬಹುದೆಂದು ಅದೇ ಸುತ್ತ ಒಪ್ಪುತ್ತದೆ. ದಿಗಂಬರ ಜೈನರ ಮೂಲಾಚಾರ ಇದಕ್ಕೆ ಎದುರು ತುದಿಯಿಂದ ಹೊರಡುತ್ತದೆ: ತಪಸ್ಸು, ಶ್ರುತಜ್ಞಾನ, ದೇಹಬಲ, ಮನೋಬಲ ಪಕ್ವವಾಗಿರುವ ಮುನಿಗೆ ಮಾತ್ರ ಏಕಲವಿಹಾರ, ಉಳಿದವರಿಗೆ ಸಂಘದ ಜೊತೆ ವಿಹಾರ. ಒಂದು ಒಂಟಿತನವನ್ನು ಎತ್ತಿಹಿಡಿದು ಜೊತೆಗೆ ವಿನಾಯಿತಿ ಕೊಟ್ಟರೆ, ಇನ್ನೊಂದು ಜೊತೆಯನ್ನು ವಿಧಿಸಿ ಒಂಟಿತನಕ್ಕೆ ವಿನಾಯಿತಿ ಕೊಡುತ್ತದೆ. ಎರಡರಲ್ಲೂ ವೇಗದ ಮಾತಿಲ್ಲ. ಒಂಟಿಯಾಗಿ ಹೋಗುವವನು ಬೇಗ ತಲುಪುತ್ತಾನೆ ಎಂಬುದು ಯಾರಿಗೂ ವಾದವಾಗಿ ತೋರಲಿಲ್ಲ, ಅದು ಗಮನಿಸಬೇಕಾದ ಮೌನ.

ಕಾಯುವ ಕರ್ತವ್ಯಕ್ಕೆ ಎಲ್ಲೆ ಉಂಟೇ ಎಂಬ ಕಠಿಣ ಪ್ರಶ್ನೆ ಬರುವುದು ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ. (ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ನಿಲ್ಲುವುದರಿಂದ ಕನ್ನಡದ ಗಮಕ ಕೇಳುವವರಿಗೆ ಈ ಭಾಗ ಅಷ್ಟಾಗಿ ಪರಿಚಿತವಲ್ಲ, ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ.) ರಾಜ್ಯ ತೊರೆದು ಕೊನೆಯ ನಡಿಗೆಗೆ ಹೊರಟವರು ಐವರು ಪಾಂಡವರು, ದ್ರೌಪದಿ, ಹಿಂದೆ ಒಂದು ನಾಯಿ. ದ್ರೌಪದಿ ಬೀಳುತ್ತಾಳೆ, ಆಮೇಲೆ ಸಹದೇವ, ನಕುಲ, ಅರ್ಜುನ, ಕಡೆಗೆ ಭೀಮ. ಯುಧಿಷ್ಠಿರ ಯಾರಿಗಾಗಿಯೂ ನಿಲ್ಲುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಅದೇ ಯುಧಿಷ್ಠಿರ ಇಂದ್ರನ ರಥ ಬಂದು ನಿಂತಾಗ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎನ್ನುತ್ತಾನೆ. ಹೆಂಡತಿ, ತಮ್ಮಂದಿರಿಗೆ ನಿಲ್ಲದವನು ನಾಯಿಗೆ ನಿಂತದ್ದು ಮೇಲ್ನೋಟಕ್ಕೆ ಕ್ರೂರ. ಇಂದ್ರನೇ ಇದನ್ನು ಎತ್ತಿ ಆಡುತ್ತಾನೆ. ಯುಧಿಷ್ಠಿರನ ಉತ್ತರದ ತಿರುಳಿಷ್ಟು: ಸತ್ತವರನ್ನು ಬದುಕಿಸುವುದು ತನ್ನ ಕೈಲಿಲ್ಲ, ಅವರು ಬದುಕಿದ್ದಾಗ ತಾನು ಅವರನ್ನು ಬಿಟ್ಟಿರಲಿಲ್ಲ, ಆದರೆ ನಂಬಿ ಹಿಂದೆ ಬರುತ್ತಿರುವುದನ್ನು ಬಿಡಲಾಗದು. ಕಾಯುವ ಋಣ ಇರುವುದು ಇನ್ನೂ ನಡೆಯುತ್ತಿರುವ ಜೀವಕ್ಕೆ, ಅದು ಯಾವ ಜಾತಿಯದಾಗಿದ್ದರೂ ಸರಿ. ನಿಧಾನಿಗೂ ಬಿದ್ದವನಿಗೂ ಇರುವ ಈ ವ್ಯತ್ಯಾಸವನ್ನು ಬಿಟ್ಟರೆ ಆ ಪರ್ವ ಅರ್ಥವಾಗುವುದಿಲ್ಲ.

ದಾರಿ ಬಿಡುವ ನಿಯಮಕ್ಕೂ ಒಂದು ಅಪವಾದವಿದೆ. ಮಹಾರಾಷ್ಟ್ರದ ಆಳಂದಿಯಿಂದ ಪಂಢರಪುರಕ್ಕೆ ನಡೆದು ಹೋಗುವ ವಿಠ್ಠಲಭಕ್ತರಾದ ವಾರಕರಿಗಳ ಪಾಲಖಿ ಮೆರವಣಿಗೆಯಲ್ಲಿ ಪ್ರತಿ ದಿಂಡಿಗೂ, ಎಂದರೆ ಯಾತ್ರಿಕರ ತಂಡಕ್ಕೂ, ಗೊತ್ತಾದ ಸ್ಥಾನವಿದೆ, ಯಾವ ದಿಂಡಿಯೂ ಇನ್ನೊಂದನ್ನು ದಾಟುವಂತಿಲ್ಲ. ಸುಮಾರು 250 ಕಿಲೋಮೀಟರ್ ದಾರಿಗೆ ಮೂರು ವಾರ ಹಿಡಿಯುತ್ತದೆ. ಇಲ್ಲಿ ಹಿಂದಿನವರಿಗೆ ಅನ್ಯಾಯವಾಯಿತು ಎನ್ನಲಾಗದು. ಎಲ್ಲರೂ ಸೇರಬೇಕಾದದ್ದು ಒಂದೇ ಏಕಾದಶಿಗೆ, ಬೇಗ ಹೋದ ದಿಂಡಿಗೆ ಹೆಚ್ಚಿಗೆ ಸಿಗುವುದೇನೂ ಇಲ್ಲ. ಬೇರೆ ಬೇರೆ ಉದ್ದೇಶದ ಗುಂಪುಗಳು ಒಂದೇ ದಾರಿಯಲ್ಲಿದ್ದಾಗ ದಾಟಿಸುವುದು ನ್ಯಾಯ. ಉದ್ದೇಶವೂ ದಿನವೂ ಒಂದೇ ಆದಾಗ ಸಾಲು ಕಾಯುವುದು ನ್ಯಾಯ. ಸೂರಗೊಂಡನಕೊಪ್ಪದ ಹಾದಿಯಲ್ಲಿ ಎರಡೂ ಒಟ್ಟಿಗೆ ಇವೆ. ಮಾಲಾಧಾರಿಗಳ ಗುಂಪುಗಳ ನಡುವೆ ಯಾರು ಮುಂದೆ, ಯಾರು ಹಿಂದೆ ಎಂಬುದಕ್ಕೆ ಬೆಲೆಯಿಲ್ಲ. ಅದೇ ರಸ್ತೆಯಲ್ಲಿ ಆಸ್ಪತ್ರೆಗೆ ಹೊರಟ ಗಾಡಿಗೆ, ಸಂತೆಗೆ ಹೊರಟ ರೈತನಿಗೆ ಆ ಗುಂಪುಗಳು ಬದಿಗೆ ಸರಿದು ದಾರಿ ಬಿಡಬೇಕು, ಅದೂ ಅವರು ಹಾರನ್ ಹೊಡೆಯುವ ಮೊದಲೇ.