ಅಪ್ಪಣೆ ಕೊಟ್ಟವನು, ಚೆಂಡೆಸೆದವನು

ಕ್ರಿಕೆಟ್ಟು ಸಭ್ಯರ ಆಟವೆಂಬ ಮಾತನ್ನು ಹುಟ್ಟಿಸಿದವರು ಇಂಗ್ಲಿಷರು. ಆ ಮಾತಿಗೆ ಕಠಿಣ ಪರೀಕ್ಷೆ ಒದಗಿದ್ದು 1932–33ರಲ್ಲಿ, ಅವರ ತಂಡ ಆಸ್ಟ್ರೇಲಿಯಕ್ಕೆ ಪ್ರವಾಸ ಹೋದಾಗ. 1930ರಲ್ಲಿ ಬ್ರಾಡ್ಮನ್ ಎಂಬ ತರುಣ ಇಂಗ್ಲೆಂಡಿಗೇ ಬಂದು, ಐದು ಟೆಸ್ಟುಗಳಲ್ಲಿ 974 ರನ್ನುಗಳನ್ನು ಸೂರೆಮಾಡಿಕೊಂಡು ಹೋಗಿದ್ದ. ಅವನನ್ನು ಕಟ್ಟಿಹಾಕಲು ಇಂಗ್ಲೆಂಡಿನ ನಾಯಕ ಡಗ್ಲಾಸ್ ಜಾರ್ಡಿನ್ ಒಂದು ಉಪಾಯ ಹೂಡಿದ. ವೇಗದ ಚೆಂಡು ನೆಲದಿಂದ ಪುಟಿದು ಆಟಗಾರನ ಎದೆ, ತಲೆಗಳ ಮಟ್ಟಕ್ಕೆ ಏಳಬೇಕು. ಮೈ ಕಾಪಾಡಿಕೊಳ್ಳಲು ಅವನು ಬ್ಯಾಟೆತ್ತಿದರೆ, ಲೆಗ್ ಬದಿಯಲ್ಲಿ ಒತ್ತಾಗಿ ನಿಂತವರ ಕೈಗೆ ಕ್ಯಾಚು ಸಿಕ್ಕಬೇಕು. ಅಂದಿನ ನಿಯಮಗಳಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ. ಪತ್ರಿಕೆಗಳು ಇದನ್ನು ‘ಬಾಡಿಲೈನ್’ ಎಂದು ಕರೆದವು. ಉಪಾಯ ಜಾರ್ಡಿನ್ನನದು, ತೋಳು ಹೆರಾಲ್ಡ್ ಲಾರ್ವುಡ್ಡನದು.

1933ರ ಜನವರಿಯಲ್ಲಿ ಅಡಿಲೇಡಿನಲ್ಲಿ ಆಸ್ಟ್ರೇಲಿಯದ ನಾಯಕ ವುಡ್‌ಫುಲ್ಲನ ಎದೆಗೆ ಲಾರ್ವುಡ್ಡನ ಚೆಂಡು ಬಡಿಯಿತು. ಪೆಟ್ಟು ತಿಂದವನು ಸುಧಾರಿಸಿಕೊಂಡು ನಿಂತನೋ ಇಲ್ಲವೋ, ಲಾರ್ವುಡ್ಡನ ಮುಂದಿನ ಓವರಿಗೇ ಜಾರ್ಡಿನ್ ತನ್ನವರನ್ನು ಲೆಗ್ ಬದಿಗೆ ಸರಿಸಿದ. ಇದು ಕ್ರೀಡಾಧರ್ಮವಲ್ಲವೆಂದು ಆಸ್ಟ್ರೇಲಿಯದ ಮಂಡಳಿ ಲಂಡನ್ನಿಗೆ ತಂತಿ ಕಳಿಸಿತು. ಇಂಗ್ಲೆಂಡು 4–1ರಿಂದ ಗೆದ್ದಿತು. ಲಾರ್ವುಡ್ 33 ವಿಕೆಟ್ಟು ಕಿತ್ತಿದ್ದ.

ನಿಯಮ ಬಾಯಿ ಮುಚ್ಚಿಕೊಂಡಿದ್ದರೂ ಅದು ಅನ್ಯಾಯವೆಂದೇ ನನ್ನ ಮತ. ಆ ಚರ್ಚೆ ಹಳೆಯದು, ಬಿಡೋಣ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಅಪ್ಪಣೆಯಂತೆ ನಡೆದ ಕೈಯ ಮೇಲೆ ಹೊಣೆ ಎಷ್ಟು? ಕನ್ನಡ ಮೇಷ್ಟರಾದವರಿಗೆ ಇಲ್ಲಿ ಗದಾಯುದ್ಧ ನೆನಪಾಗದೆ ಇರದು. ವ್ಯಾಸಭಾರತದಲ್ಲಿ ಕೃಷ್ಣನ ಮಾತು ಕೇಳಿ ಅರ್ಜುನ ತನ್ನ ತೊಡೆ ತಟ್ಟಿಕೊಳ್ಳುತ್ತಾನೆ. ಭೀಮ ಸನ್ನೆಯನ್ನು ಅರಿತು ದುರ್ಯೋಧನನ ತೊಡೆ ಮುರಿಯುತ್ತಾನೆ. ಬಲರಾಮನಿಗೆ ಸಿಟ್ಟು ಬಂದುದು ನ್ಯಾಯವೇ. ಆದರೆ ನೇಗಿಲೆತ್ತಿ ಅವನು ನುಗ್ಗಿದ್ದು ಭೀಮನ ಮೇಲೆ. ಸನ್ನೆ ಮಾಡಿದವರ ಕಡೆಗಲ್ಲ.

ಒಲ್ಲೆನೆನ್ನಬಹುದಾಗಿತ್ತಲ್ಲ ಎಂದು ಕೇಳಬಹುದು. ಒಲ್ಲೆನೆಂದವರು ಆ ತಂಡದಲ್ಲೇ ಇದ್ದರು. ಗಬ್ಬಿ ಅಲೆನ್ ಎಂಬ ವೇಗದ ಬೌಲರು ಹಾಗೆ ಎಸೆಯಲಾರೆನೆಂದ. ತನ್ನ ರೀತಿಯಲ್ಲೇ ಎಸೆದು 21 ವಿಕೆಟ್ಟು ಪಡೆದ. ನಮ್ಮ ಪಟೌಡಿಯ ನವಾಬರು ಲೆಗ್ ಬದಿಯ ವ್ಯೂಹದಲ್ಲಿ ನಿಲ್ಲಲು ನಿರಾಕರಿಸಿದರು; ಸಿಡ್ನಿಯ ಮೊದಲ ಟೆಸ್ಟಿನಲ್ಲಿ ಶತಕ ಹೊಡೆದವರಿಗೆ ಎರಡನೆಯದಾದ ಮೇಲೆ ಆ ಸರಣಿಯಲ್ಲಿ ಸ್ಥಾನ ಸಿಗಲಿಲ್ಲ. ಇಬ್ಬರನ್ನೂ ನಾನು ಮೆಚ್ಚುತ್ತೇನೆ. ಆದರೆ ಅಲೆನ್ ಸಂಬಳವಿಲ್ಲದೆ ಆಡುವ ‘ಜಂಟಲ್ಮನ್’, ಪಟೌಡಿ ಸಂಸ್ಥಾನಾಧೀಶರು. ಲಾರ್ವುಡ್ ಗಣಿ ಕೆಲಸಗಾರನ ಮಗ. ಹದಿನಾಲ್ಕನೆಯ ವಯಸ್ಸಿಗೆ ತಾನೂ ಗಣಿ ಸೇರಿ ಅಲ್ಲಿನ ಕುದುರೆಗಳನ್ನು ನೋಡಿಕೊಂಡಿದ್ದವನು. ಚೆಂಡೆಸೆಯುವುದೇ ಅವನ ಅನ್ನ. ಧರ್ಮ ಎಲ್ಲರಿಗೂ ಒಂದೇ ಇರಬಹುದು, ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಒಂದೇ ಅಲ್ಲ. ಹಾಗೆಂದು ಅವನನ್ನು ಪಾಪದ ಪ್ರಾಣಿಯೆಂದು ಚಿತ್ರಿಸಲೂ ನನಗೆ ಮನಸ್ಸಿಲ್ಲ. ತಾನು ಎಸೆದದ್ದು ಸರಿಯೆಂದೇ ಅವನು ನಂಬಿದ್ದ.

ಆಮೇಲೆ ನಡೆದದ್ದು ನೋಡಿ. ಜಾರ್ಡಿನ್ ನಾಯಕನಾಗಿಯೇ ಮುಂದುವರಿದ. 1933–34ರಲ್ಲಿ ಭಾರತಕ್ಕೆ ತಂಡ ಕಟ್ಟಿಕೊಂಡು ಬಂದ. ಬಾಗಿಲು ಮುಚ್ಚಿದ್ದು ಲಾರ್ವುಡ್ಡನಿಗೆ. ತನ್ನ ಎಸೆತಕ್ಕಾಗಿ ಕ್ಷಮೆ ಬೇಡಿ ಪತ್ರಕ್ಕೆ ರುಜು ಹಾಕಬೇಕೆಂದು ಅವನಿಗೆ ಸೂಚನೆ ಬಂತು. ನಾಯಕನ ಮಾತಿನಂತೆ ಎಸೆದವನು ನಾನೇಕೆ ಬೇಡಲಿ ಎಂಬುದು ಅವನ ನಿಲುವು. ರುಜು ಹಾಕಲಿಲ್ಲ, ಇಂಗ್ಲೆಂಡಿಗಾಗಿ ಮತ್ತೆ ಆಡಲೂ ಇಲ್ಲ. ಎಸೆತ ತಪ್ಪೆನ್ನುವ ನಾನು ಈ ನಿರಾಕರಣೆಯನ್ನು ಮಾತ್ರ ಸರಿಯೆನ್ನುತ್ತೇನೆ. ಆಳು ಕ್ಷಮೆ ಬೇಡಿದೊಡನೆ ಒಡೆಯನ ಅಪ್ಪಣೆ ಲೆಕ್ಕದಿಂದ ಅಳಿಸಿಹೋಗುತ್ತದೆ. ಆ ಕಾಗದ ಬೇಕಾಗಿದ್ದುದು ಅದಕ್ಕಾಗಿಯೇ ಎಂದು ನನ್ನ ಗುಮಾನಿ. ಅಲೆನ್ ಮೊದಲೇ ಒಲ್ಲೆನೆಂದ, ಇವನು ತಡವಾಗಿ ಎಂದ. ಹೆಚ್ಚು ಬೆಲೆ ತೆತ್ತವನು ಇವನೇ.

1950ರಲ್ಲಿ ಅವನು ಹೆಂಡತಿ ಮತ್ತು ಐವರು ಹೆಣ್ಣುಮಕ್ಕಳೊಡನೆ ವಲಸೆ ಹೋದದ್ದು ಆಸ್ಟ್ರೇಲಿಯಕ್ಕೆ. ಒಂದು ಕಾಲಕ್ಕೆ ತನ್ನನ್ನು ಶಪಿಸಿದ್ದ ಜನರ ನಡುವೆ ಸಿಡ್ನಿಯಲ್ಲಿ ಬಾಳಿ 1995ರಲ್ಲಿ ತೀರಿಕೊಂಡ. ಈ ಎರಡು ದೇಶಗಳು ಸೆಣಸುವ ಪಂತಕ್ಕೆ ‘ಆಷಸ್’, ಎಂದರೆ ಬೂದಿ, ಎಂದು ಹೆಸರು. ಆ ಗೆಲುವಿನ ನೆನಪಿಗೆ ಜಾರ್ಡಿನ್ ಅವನಿಗೆ ಸಿಗರೇಟಿನ ಬೂದಿ ಕೊಡಹುವ ಒಂದು ಬೆಳ್ಳಿಯ ಬಟ್ಟಲು ಕೊಟ್ಟಿದ್ದ. ಕೃತಜ್ಞ ನಾಯಕನಿಂದ ಹೆರಾಲ್ಡನಿಗೆ ಎಂದು ಅದರ ಮೇಲೆ ಕೆತ್ತಿಸಿತ್ತು. ಲಾರ್ವುಡ್ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದ.