ಯೋಗವೂ ಕ್ಷೇಮವೂ: ಹೊಸ ವಾಹನವೊಂದನ್ನು ಕುರಿತು ವಿಚಾರ

‘ಯೋಗಕ್ಷೇಮ’ ಎಂಬ ಮಾತನ್ನು ನಾವು ಕಾಗದದ ಮೊದಲ ಸಾಲಿನಲ್ಲಿ ಕುಶಲಪ್ರಶ್ನೆಗಾಗಿ ಬಳಸಿ ಬಳಸಿ, ಅದರೊಳಗೆ ಎರಡು ಪದಗಳಿವೆಯೆಂಬುದನ್ನೇ ಮರೆತಿರುವೆವು. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ಭಾಷ್ಯಕಾರರು ವಿಂಗಡಿಸುವರು. ಯೋಗಕ್ಕೆ ಒಂದು ದಿನ, ಒಂದು ಮುಹೂರ್ತ, ಒಂದು ರಸೀತಿ ಸಾಕು. ಕ್ಷೇಮಕ್ಕೆ ಮುಹೂರ್ತವಿಲ್ಲ, ಅದು ನಿತ್ಯಕರ್ಮ. ಹಾಗಾದರೆ ಒಡೆತನವೆಂಬುದು ಇವೆರಡರಲ್ಲಿ ಯಾವುದು? ಕ್ರಯ ಕೊಟ್ಟು ಕೊಂಡವನಿಗೆ ವಸ್ತುವನ್ನು ಮನಬಂದಂತೆ ಬಳಸಿ ಬೇಕಾದರೆ ಕೆಡಿಸುವ ಅಧಿಕಾರವುಂಟೋ, ಅಥವಾ ಕೊಂಡ ಗಳಿಗೆಯಿಂದಲೇ ಅವನ ಮೇಲೊಂದು ಋಣವು ಬಿದ್ದಿತೋ?

ಈ ಪ್ರಶ್ನೆಯನ್ನು ಹಸುವಿನ ವಿಷಯದಲ್ಲಿಯೋ ಹೊಲದ ವಿಷಯದಲ್ಲಿಯೋ ಎತ್ತಬಹುದಾಗಿತ್ತು. ನಾನು ಮೋಟಾರು ಸೈಕಲ್ಲನ್ನು ಆರಿಸಿಕೊಂಡಿರುವೆನು. ವಾಚಕರು ನಗಬಾರದು. ಹಸುವಿಗೆ ನೋವಾಗುತ್ತದೆ, ಆದಕಾರಣ ಅಲ್ಲಿ ದಯೆಯೇ ಮುಂದೆ ಬಂದು ತೀರ್ಪು ಹೇಳಿಬಿಡುತ್ತದೆ. ಹೊಲವು ಮಕ್ಕಳಿಗೆ ಉಳಿಯತಕ್ಕದ್ದು. ಅಲ್ಲಿ ಕುಲದ ಹಿತವು ಮಾತನಾಡುತ್ತದೆ. ಕಬ್ಬಿಣಕ್ಕೆ ನೋವೂ ಇಲ್ಲ, ಕುಲವೂ ಇಲ್ಲ. ನೋವಿಲ್ಲದುದಕ್ಕೂ ನಾವು ಋಣಿಗಳೆ ಎಂಬುದು ಇಲ್ಲಿ ಮಾತ್ರವೇ ಕಲಬೆರಕೆಯಿಲ್ಲದೆ ವಿಚಾರಕ್ಕೆ ಸಿಕ್ಕುತ್ತದೆ.

ಈಗ ತರುಣರಲ್ಲಿ ಹಳೆಯ ಆಕಾರದ ಮೋಟಾರು ಸೈಕಲ್ಲುಗಳ ಮೇಲೆ ಬಹಳ ಮೋಹ. ಮೈಸೂರಿನ ಯಾದವಗಿರಿಯಲ್ಲಿ ೧೯೬೧ರಲ್ಲಿ, ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದ ಕಾರ್ಖಾನೆಯಿಂದ ಜಾವಾ ಗಾಡಿಗಳು ಹೊರಟವು. ಮುಂದೆ ಅವೇ ಯೆಜ್ಡಿ ಎಂಬ ಹೆಸರನ್ನು ತಳೆದವು. ಆ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿತು. ಜಾವಾ ಎಂಬ ಹೆಸರು ೨೦೧೮ರಲ್ಲಿಯೂ ಯೆಜ್ಡಿ ೨೦೨೨ರಲ್ಲಿಯೂ ಮತ್ತೆ ಬೀದಿಗೆ ಬಂದವು, ಆದರೆ ಮೈಸೂರಿನಿಂದಲ್ಲ. ಮದರಾಸಿನಲ್ಲಿ ೧೯೫೫ರಲ್ಲಿ ನೆಲೆಗೊಂಡ ಎನ್‌ಫೀಲ್ಡ್ ಕಂಪೆನಿಯಾದರೋ ಎಂದೂ ನಿಲ್ಲಲಿಲ್ಲ. ಅದರ ‘ಕ್ಲಾಸಿಕ್’ ಎಂಬ ಗಾಡಿ ಎರಡನೆಯ ಮಹಾಯುದ್ಧದ ನಂತರದ ವರ್ಷಗಳ ರೂಪವನ್ನು ಹೊತ್ತು ಇಂದಿಗೂ ಬರುತ್ತಿದೆ. ಕಣ್ಣೀರಿನ ಹನಿಯಂಥ ಟ್ಯಾಂಕು, ದುಂಡು ದೀಪ, ತಂತಿಯ ಕಡ್ಡಿಗಳ ಚಕ್ರ, ಎಲ್ಲವೂ ಅಜ್ಜನ ಕಾಲದವೇ. ಒಡಲು ಮಾತ್ರ ಬೇರೆ.

ಈ ಭೇದವನ್ನು ಅಲ್ಪವೆಂದು ತಿಳಿಯಲಾಗದು. ಹಳೆಯ ಬುಲೆಟ್ಟನ್ನು ಎಬ್ಬಿಸಬೇಕಾದರೆ ದೀಪದ ಬಳಿಯ ಚಿಕ್ಕ ಮಾಪಕದ ಮುಳ್ಳನ್ನು ನಡುವಿಗೆ ತಂದು, ಸಣ್ಣ ಹಿಡಿಕೆಯೊಂದನ್ನು ಅದುಮಿ, ಅನಂತರವೇ ಕಾಲಿನಿಂದ ಒದೆಯಬೇಕಾಗಿತ್ತು. ಕ್ರಮ ತಪ್ಪಿದವನ ಮೊಣಕಾಲಿಗೆ ಗಾಡಿಯೇ ತಿರುಗಿ ಒದೆಯುತ್ತಿತ್ತು. ಜಾವಾದಲ್ಲಿ ಒದೆಯುವ ಹಿಡಿಕೆಯೂ ಗೇರು ಬದಲಿಸುವ ಹಿಡಿಕೆಯೂ ಒಂದೇ. ಪೆಟ್ರೋಲಿನೊಡನೆ ಎಣ್ಣೆಯನ್ನು ಅಳೆದು ಬೆರೆಸುವ ಹೊಣೆಯೂ ಸವಾರನದೇ. ಅಂದರೆ ಆ ಯಂತ್ರಗಳು ತಮ್ಮ ಒಡೆಯನಿಂದ ತಾಳ್ಮೆಯನ್ನು ಬಲಾತ್ಕಾರವಾಗಿ ವಸೂಲು ಮಾಡುತ್ತಿದ್ದವು. ಈಗಿನದಕ್ಕೆ ಗುಂಡಿಯೊತ್ತಿದರೆ ಸಾಕು. ಇಂಧನವನ್ನು ಅಳೆದು ಊಡುವ ಕೆಲಸವನ್ನೂ ವಿದ್ಯುತ್ ಸಾಧನವೇ ಮಾಡಿಕೊಳ್ಳುತ್ತದೆ. ರೂಪವು ಉಳಿದಿದೆ, ರೂಪವು ಕಲಿಸುತ್ತಿದ್ದ ಪಾಠ ಉಳಿದಿಲ್ಲ. ಇದನ್ನು ವಂಚನೆಯೆನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅಂದು ನಿರ್ಬಂಧವಾಗಿದ್ದುದು ಇಂದು ಐಚ್ಛಿಕವಾಗಿದೆ, ಅಷ್ಟೆ. ಮತ್ತು ಧರ್ಮವೆಂಬ ಮಾತಿಗೆ ಅರ್ಥ ಬರುವುದು ಇಚ್ಛೆಗೆ ಎಡೆಯಿರುವಲ್ಲಿಯೇ ಅಲ್ಲವೆ?

ಹಾಗೆ ಐಚ್ಛಿಕವಾಗಿ ಉಳಿದುಕೊಂಡಿರುವ ವ್ರತಗಳಲ್ಲಿ ಮುಖ್ಯವಾದುದು ಹೊಸ ಎಂಜಿನನ್ನು ಪಳಗಿಸುವುದು. ನಮ್ಮ ಮನೆಗಳಲ್ಲಿ ಇದು ಅರಿಯದ ಸಂಗತಿಯಲ್ಲ. ಹೊಸ ಬೀಸುವ ಕಲ್ಲಿನಲ್ಲಿ ಮೊದಲ ದಿನವೇ ರಾಗಿಯನ್ನು ಬೀಸಿ ಯಾರೂ ಮುದ್ದೆ ಮಾಡುವುದಿಲ್ಲ. ತೌಡನ್ನೋ ನುಚ್ಚನ್ನೋ ಬೀಸಿ, ಕಲ್ಲಿನ ಪುಡಿಯೊಡನೆ ಅದನ್ನು ಚೆಲ್ಲಿ, ಕಲ್ಲಿಗೆ ಕಲ್ಲು ಹೊಂದಿದ ಮೇಲೆ ಧಾನ್ಯಕ್ಕೆ ಕೈಹಾಕುವರು. ದೋಸೆಯ ಕಾವಲಿಗೂ ಎಣ್ಣೆ ಸವರಿ ಕಾಯಿಸುವ ಸಂಸ್ಕಾರವುಂಟು. ಹೊಸ ಹೋರಿಯನ್ನು ರೈತನು ನುರಿತ ಎತ್ತಿನ ಜೊತೆಗೆ ಹೂಡಿ ಬರಿಯ ಗಾಡಿಯನ್ನು ಎಳೆಸುವನು. ಮೊದಲ ದಿನವೇ ಭತ್ತದ ಮೂಟೆಗಳನ್ನು ಹೇರುವುದಿಲ್ಲ.

ಎಂಜಿನಿನೊಳಗೆ ನಡೆಯುವುದೂ ಇದೇ. ಸಿಲಿಂಡರಿನ ಒಳಮೈ ಕನ್ನಡಿಯಂತೆ ನುಣುಪಾಗಿರುವುದೆಂದು ನಾವು ಊಹಿಸುತ್ತೇವೆ. ಹಾಗಲ್ಲ; ಕಾರ್ಖಾನೆಯಲ್ಲಿ ಬೇಕೆಂದೇ ಅದರ ಮೇಲೆ ಅಡ್ಡಡ್ಡವಾಗಿ ಅತಿ ಸೂಕ್ಷ್ಮವಾದ ಗೀರುಗಳನ್ನು ಎಳೆದಿರುವರು. ಗೀರುಗಳ ಹಳ್ಳಗಳಲ್ಲಿ ಎಣ್ಣೆ ನಿಲ್ಲುತ್ತದೆ. ಗೀರುಗಳ ಏಣುಗಳು ಪಿಸ್ಟನ್ನಿನ ಉಂಗುರಗಳಿಗೆ ಉಜ್ಜಿ ಉಜ್ಜಿ ಸವೆದು, ಎರಡೂ ಒಂದಕ್ಕೊಂದು ಹೊಂದುತ್ತವೆ. ಆ ಹೊಂದಿಕೆಯು ಪೂರ್ತಿಯಾದರೆ ಉರಿಯುವ ಅನಿಲವು ಕೆಳಗೆ ಸೋರದು, ಎಣ್ಣೆ ಮೇಲಕ್ಕೆ ಏರಿ ಹೊಗೆಯಾಗದು. ೩೪೯ ಸಿಸಿಯ ಕ್ಲಾಸಿಕ್‌ನಲ್ಲಿ ಪಿಸ್ಟನ್ನು ಒಂದು ಸಲ ಏರುವ ಅಥವಾ ಇಳಿಯುವ ದೂರ ೮೫.೮ ಮಿಲಿಮೀಟರು. ಎಂಜಿನು ನಿಮಿಷಕ್ಕೆ ೪೦೦೦ ಸುತ್ತು ತಿರುಗುವಾಗ ಅದು ೮೦೦೦ ಸಲ ಸಿಲಿಂಡರಿನ ಉದ್ದಕ್ಕೂ ಹಾಯುತ್ತದೆ, ಎಂದರೆ ಒಂದು ನಿಮಿಷದಲ್ಲಿ ಸುಮಾರು ೬೮೬ ಮೀಟರು ಉಜ್ಜುತ್ತದೆ. ಹೊಂದಿಕೊಳ್ಳದ ಎರಡು ಲೋಹಗಳನ್ನು ಇಷ್ಟು ವೇಗದಲ್ಲಿ, ಪೂರ್ಣಭಾರದೊಡನೆ, ಗಂಟೆಗಟ್ಟಲೆ ಉಜ್ಜಿಸಿದರೆ ಬಿಸಿಯು ಅಲ್ಲಲ್ಲಿ ಮಿತಿಮೀರಿ, ಎಣ್ಣೆಯ ಪದರ ಹರಿದು, ಮೈ ಕೆತ್ತಿಹೋಗುತ್ತದೆ. ಆದಕಾರಣವೇ ಮೊದಲ ನೂರಾರು ಕಿಲೋಮೀಟರು ವೇಗಕ್ಕೆ ಮಿತಿಯನ್ನಿಡಬೇಕೆಂದು ಕೈಪಿಡಿಯಲ್ಲಿ ಅಚ್ಚುಮಾಡಿರುವರು; ಸುಮಾರು ೫೦೦ ಕಿಲೋಮೀಟರಿಗೆ ಮೊದಲ ಸರ್ವಿಸು ಮಾಡಿಸಿ, ಲೋಹದ ಕಣಗಳನ್ನು ಹೊತ್ತ ಎಣ್ಣೆಯನ್ನು ಬದಲಿಸಬೇಕೆನ್ನುವರು. ಬೀಸುವ ಕಲ್ಲಿನ ತೌಡನ್ನು ಚೆಲ್ಲಿದಂತೆಯೇ ಇದು.

ನನ್ನ ತಮ್ಮನ ಮಗನು ಕಳೆದ ವರ್ಷ ಇಂಥದೊಂದು ಗಾಡಿಯನ್ನು ಸಾಲದ ಮೇಲೆ ಕೊಂಡನು. ಅದೇ ವಾರ ಗೆಳೆಯರು ಆಗುಂಬೆಗೆ ಹೊರಡುವವರಿದ್ದರು. ಹುಡುಗನ ಮನಸ್ಸು ಅಲ್ಲಿ; ಕೈಪಿಡಿಯ ಅಪ್ಪಣೆ ಇಲ್ಲಿ. ಅವನು ನನ್ನೆದುರು ಕುಳಿತು ಒಳ್ಳೆಯ ಪೂರ್ವಪಕ್ಷವನ್ನೇ ಹೂಡಿದನು: “ದೊಡ್ಡಪ್ಪ, ಸಾಲ ನನ್ನದು, ಕಂತು ಕಟ್ಟುವವನೂ ನಾನು. ಓಡಿಸಿ ಕೆಡಿಸಿದರೆ ನಷ್ಟವೂ ನನ್ನದೇ. ಬೇರೆ ಯಾರಿಗೂ ಏನೂ ಆಗದ ಕಡೆ ನೀವು ಧರ್ಮಾಧರ್ಮದ ಮಾತನ್ನೇಕೆ ತರುತ್ತೀರಿ?”

ವಾದವು ದುರ್ಬಲವಾದುದಲ್ಲ. ಸ್ವಂತ ನಷ್ಟವು ಅವಿವೇಕವಾಗಬಹುದು, ಅಧರ್ಮವಾಗಬೇಕಾಗಿಲ್ಲ. ಆದರೆ ‘ಬೇರೆ ಯಾರಿಗೂ ಏನೂ ಆಗದು’ ಎಂಬ ಹೇತುವು ಇಲ್ಲಿ ಅಸಿದ್ಧ. ನಮ್ಮ ಊರಿನಲ್ಲಿ ಅಂಚೆ ಹಂಚುವವರೊಬ್ಬರು, ಹಳ್ಳಿಗಳ ಸುತ್ತಾಟಕ್ಕೆಂದು, ಮೂರು ವರ್ಷ ಮಾತ್ರ ಓಡಿದ್ದ ಗಾಡಿಯೊಂದನ್ನು ಕೊಂಡರು. ಮೇಲಿನ ಬಣ್ಣ ಹೊಳೆಯುತ್ತಿತ್ತು. ಎರಡು ತಿಂಗಳಿಗೆ ನೀಲಿ ಹೊಗೆ ಕಾಣಿಸಿತು. ಮೇಸ್ತ್ರಿಯು ಬಿಚ್ಚಿ ನೋಡಿ, ಇದನ್ನು ಮೊದಲ ದಿನಗಳಲ್ಲಿಯೇ ಕೊಂದುಬಿಟ್ಟಿದ್ದಾರೆ ಎಂದನು. ಸಿಲಿಂಡರು ಕೊರೆಸಿ ಪಿಸ್ಟನ್ನು ಬದಲಿಸುವುದಕ್ಕೆ ಅವರ ಮಗಳ ಕಾಲೇಜಿನ ಶುಲ್ಕಕ್ಕಾಗಿ ಎತ್ತಿಟ್ಟಿದ್ದ ಹಣ ಹೋಯಿತು. ಮೊದಲಿನ ಒಡೆಯನು ಯಾವ ಸುಳ್ಳನ್ನೂ ಆಡಿರಲಿಲ್ಲ, ಕೇಳುವವರೂ ಇರಲಿಲ್ಲ. ಅವನು ಗಾಡಿಯನ್ನು ಕೊಂಡ ವಾರದಲ್ಲಿ ಮಾಡಿದ ಕರ್ಮದ ಫಲವು, ಅವನ ಹೆಸರನ್ನೂ ಅರಿಯದ ಮನೆಯೊಂದನ್ನು ಮೂರು ವರ್ಷಗಳ ಮೇಲೆ ಹುಡುಕಿಕೊಂಡು ಬಂದಿತು. ಮನುಷ್ಯನ ಒಡೆತನಕ್ಕಿಂತ ವಸ್ತುವಿನ ಆಯುಸ್ಸು ಉದ್ದವಾಗಿರುವಲ್ಲೆಲ್ಲ ನಾವು ನಡುವಿನ ಒಡೆಯರು. ಕಬ್ಬಿಣಕ್ಕೆ ನಾವು ಋಣಿಗಳೋ ಅಲ್ಲವೋ, ಕಬ್ಬಿಣದ ಮೂಲಕ ಋಣಿಗಳಾಗುವುದಂತೂ ದಿಟ. ಕಬ್ಬಿಣವು ಸಾಲಪತ್ರದಂತೆ, ಪತ್ರಕ್ಕೆ ನೋವಿಲ್ಲವೆಂದು ಸಾಲ ಸುಳ್ಳಾಗುವುದಿಲ್ಲ.

ಹುಡುಗನು ಆಗುಂಬೆಗೆ ಹೋಗಲಿಲ್ಲ. ಗೆಳೆಯರು ಮಳೆಯಲ್ಲಿ ನಿಂತು ತೆಗೆಸಿಕೊಂಡ ಚಿತ್ರಗಳನ್ನು ಕಳುಹಿಸುತ್ತಿದ್ದಾಗ, ಅವನು ಊರಿನ ವರ್ತುಲ ರಸ್ತೆಯಲ್ಲಿ ಲಾರಿಗಳಿಗೆ ದಾರಿ ಬಿಡುತ್ತ ಮೆಲ್ಲಗೆ ಸುತ್ತುತ್ತಿದ್ದನು. ಇಪ್ಪತ್ತನಾಲ್ಕರ ಪ್ರಾಯದವನಿಗೆ ಇದು ಸಣ್ಣ ತ್ಯಾಗವಲ್ಲ. ನನ್ನ ವಾದದಿಂದ ಅವನ ಮನಸ್ಸು ತಿರುಗಿತೆಂದು ಹೇಳಿಕೊಳ್ಳುವುದಕ್ಕೆ ನನಗೆ ಆಸೆಯಿದೆ. ಆದರೆ ವಾರಂಟಿ ರದ್ದಾದೀತೆಂಬ ಭಯವೇ ಕಾರಣವೆಂದು ಅವನೇ ಅವನ ತಾಯಿಯೊಡನೆ ಹೇಳಿದನಂತೆ. ಇರಲಿ. ಭಯದಿಂದ ಆರಂಭವಾದ ನಿಯಮವೂ ಕೆಲವೊಮ್ಮೆ ಅಭ್ಯಾಸಬಲದಿಂದ ಅರಿವಿಗೆ ಏರುತ್ತದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಅವನು ಎಂಜಿನಿನ ದನಿಯಲ್ಲಿ ಸಲೀಸಾದುದು ಯಾವುದು, ತಿಣುಕುವುದು ಯಾವುದು ಎಂಬುದನ್ನು ಕಿವಿಯಿಂದಲೇ ಹೇಳಬಲ್ಲವನಾದನು. ಆಗುಂಬೆಯ ದಾರಿಯಲ್ಲಿ ಗಾಳಿಯ ಮೊರೆತದ ನಡುವೆ ಈ ವಿದ್ಯೆ ದೊರೆಯುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಆಕ್ಷೇಪವುಂಟು. ಹೊಸ ಗಾಡಿಯನ್ನು ಮೊದಲಿನಿಂದಲೂ ಗಟ್ಟಿಯಾಗಿಯೇ ಓಡಿಸಬೇಕು, ಮೆತ್ತಗೆ ಓಡಿಸಿದರೆ ಜನ್ಮವಿಡೀ ಮೆತ್ತಗಾಗಿಯೇ ಉಳಿಯುವುದು ಎಂಬ ಮತದ ಮೇಸ್ತ್ರಿಗಳಿದ್ದಾರೆ. ಈಗಿನ ಎಂಜಿನುಗಳನ್ನು ಹಿಂದಿನವುಗಳಿಗಿಂತ ಬಹು ನಿಖರವಾಗಿ ಕಡೆಯುವರಾದ್ದರಿಂದ ಪಳಗಿಸುವ ಅಗತ್ಯವು ಕಡಮೆಯಾಗಿದೆ ಎಂಬುದೂ ಒಪ್ಪತಕ್ಕ ಮಾತೇ. ಈ ಮತವನ್ನು ನಾನು ಇಡಿಯಾಗಿ ಒಪ್ಪೆನು. ಆದರೂ ಅದರಲ್ಲಿ ಸತ್ಯಾಂಶವಿದೆ. ಉಂಗುರವನ್ನು ಸಿಲಿಂಡರಿನ ಮೈಗೆ ಒತ್ತಿಹಿಡಿಯುವುದು ಉರಿಯುವ ಅನಿಲದ ಒತ್ತಡವೇ. ಭಾರವೇ ಇಲ್ಲದೆ, ಒಂದೇ ವೇಗದಲ್ಲಿ, ಹೂವಿನಂತೆ ಓಡಿಸಿದರೆ ಆ ಒತ್ತಡ ಸಾಲದೆ ಏಣುಗಳು ಸವೆಯವು. ಎಣ್ಣೆಯು ಮೈಮೇಲೆ ಸುಟ್ಟು ಗಾಜಿನಂಥ ಪದರವಾಗಿ ಕಟ್ಟಿ, ಮುಂದೆ ಉಂಗುರವು ಎಂದಿಗೂ ಹೊಂದದು. ಎತ್ತರದ ಗೇರಿನಲ್ಲಿ ತೀರ ನಿಧಾನವಾಗಿ ಎಳೆಸಿದರೂ ಕೇಡೇ. ಸಂಯಮವೆಂದರೆ ನಿಷ್ಕ್ರಿಯತೆಯೆಂದು ತಿಳಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ವೇಗವನ್ನು ಏರಿಸಿ ಇಳಿಸಿ, ಸಣ್ಣ ಏರುಗಳನ್ನು ಹತ್ತಿಸಿ, ಒಮ್ಮೆಗೇ ಪೂರ್ತಿ ತಿರುಚದೆ, ದಣಿದಾಗ ಆರಲು ಬಿಟ್ಟು ಓಡಿಸಬೇಕು. ನಾನು ಮೂವತ್ತು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವನು. ಭಾರವನ್ನೇ ಹೊರಿಸದ ಉಪಾಧ್ಯಾಯನ ಶಿಷ್ಯರ ಬುದ್ಧಿಯ ಮೇಲೂ ಇಂಥ ಗಾಜಿನ ಪದರ ಕಟ್ಟುವುದನ್ನು ಕಂಡಿದ್ದೇನೆ.

ಇನ್ನು ಕ್ಷೇಮದ ಅತಿರೇಕವೊಂದುಂಟು, ಅದು ಮಮಕಾರ. ಧೂಳು ತಗಲೀತೆಂದು ಗಾಡಿಯನ್ನು ಹೊದಿಕೆಯೊಳಗೇ ಇರಿಸಿ, ಮುಪ್ಪಿನ ತಾಯಿಯನ್ನು ಆಸ್ಪತ್ರೆಗೆ ಬಸ್ಸಿನಲ್ಲಿ ಕಳುಹಿಸುವವರನ್ನು ನಾವು ನೋಡಿದ್ದೇವೆ. ಇದು ರಕ್ಷಣೆಯಲ್ಲ, ವಸ್ತುವೇ ಒಡೆಯನಾದುದು. ಇದಕ್ಕೆ ವಿರುದ್ಧವಾದುದು ಮಹಾನವಮಿಯ ದಿನದ ಭಕ್ತಿ. ಅಂದು ಗಾಡಿಯನ್ನು ತೊಳೆದು, ಕುಂಕುಮ ಹಚ್ಚಿ, ಬೂದುಗುಂಬಳವನ್ನು ಒಡೆದು, ಚಕ್ರದಡಿಯಲ್ಲಿ ನಿಂಬೆಹಣ್ಣನ್ನು ಹಿಸುಕಿಸುವರು. ಮರುದಿನದಿಂದ ಮುಂದಿನ ನವಮಿಯವರೆಗೆ ಸರಪಳಿಯು ತುಕ್ಕು ಹಿಡಿದು ಕಿರುಗುಟ್ಟುತ್ತಿರುತ್ತದೆ. ಆಯುಧಪೂಜೆಯನ್ನು ನಾನು ಹಳಿಯುವವನಲ್ಲ. ಆದರೆ ಪೂಜೆಗೆ ಅಂಗವಾದ ಶುಚಿಯು ಒಂದು ದಿನದ್ದಲ್ಲ. ಟೈರು ತಣ್ಣಗಿರುವಾಗ ವಾರಕ್ಕೊಮ್ಮೆ ಗಾಳಿ ನೋಡುವುದು, ಮಳೆಯಲ್ಲಿ ನೆನೆದ ಸರಪಳಿಯನ್ನು ಒರಸಿ ಎಣ್ಣೆ ಹಚ್ಚುವುದು, ಅದರ ಸಡಿಲವು ಕೈಪಿಡಿಯ ಅಳತೆಯಲ್ಲಿದೆಯೆ ಎಂದು ಬೆರಳಿನಿಂದ ಎತ್ತಿ ನೋಡುವುದು, ಇವೆಲ್ಲ ಕಾಲು ಗಂಟೆಯ ಕೆಲಸ. ಚಕ್ರದ ಕಡ್ಡಿಗಳನ್ನು ಸಣ್ಣ ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟುತ್ತ ಬಂದರೆ ಬಿಗಿಯಾದುದು ಕಣಕಣವೆನ್ನುತ್ತದೆ, ಸಡಿಲವಾದುದು ಮಂಕಾಗಿ ನುಡಿಯುತ್ತದೆ. ವೀಣೆಯ ಶ್ರುತಿ ಹಿಡಿಯಬಲ್ಲ ನಮ್ಮ ಸೊಸೆಯು ಈ ಪರೀಕ್ಷೆಯಲ್ಲಿ ಮೇಸ್ತ್ರಿಯನ್ನೂ ಮೀರಿಸಿದಳು. ಗಾಡಿಯನ್ನು ಬಹು ದಿನ ನಿಲ್ಲಿಸಿಡುವುದೂ ಕೂಡದು. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲು ತೇವವನ್ನು ಹೀರುವ ಸ್ವಭಾವದ್ದು.

ಸೈಲೆನ್ಸರಿನ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುವೆನು. ಕಾರ್ಖಾನೆಯು ಕೂಡಿಸಿದ್ದನ್ನು ಕಿತ್ತು ಗುಡುಗುವುದೊಂದನ್ನು ತೊಡಿಸುವುದನ್ನು ಕಾನೂನು ಒಪ್ಪುವುದಿಲ್ಲ. ರೋಗಿಯಿರುವ, ಪರೀಕ್ಷೆಗೆ ಓದುವ ಮಕ್ಕಳಿರುವ ಬೀದಿಯಲ್ಲಿ ನಡುರಾತ್ರಿ ಹಾಗೆ ಹಾಯುವವನೊಡನೆ ವಾದವೂ ಬೇಡ, ದಂಡವೇ ಸರಿ.

ಉಳಿದುದು ಆ ಮೊದಲ ಎಣ್ಣೆ. ಕಲ್ಲಿನ ತೌಡನ್ನು ಹಿತ್ತಲಿಗೆ ಚೆಲ್ಲಿದರೆ ಮಣ್ಣಿಗೆ ಮಣ್ಣಾಗುತ್ತದೆ. ಕರಿಯ ಎಂಜಿನೆಣ್ಣೆ ಹಾಗಾಗದು. ಅದನ್ನು ಚರಂಡಿಗೆ ಸುರಿದರೆ ಕೆರೆಗೆ ಇಳಿಯುತ್ತದೆ. ಗೆದ್ದಲಿಗೆ ಮದ್ದೆಂದು ಬೇಲಿಯ ಗೂಟಗಳ ಬುಡಕ್ಕೆ ಹಾಕುವ ಪದ್ಧತಿಯೂ ಬಾವಿಗೆ ಕೇಡು. ೨೦೧೬ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕರ ತ್ಯಾಜ್ಯಗಳ ಸಾಲಿನಲ್ಲಿ ಸೇರಿಸಿವೆ. ಸರ್ವಿಸಿನವರಲ್ಲಿಯೇ ಎಣ್ಣೆ ಬದಲಿಸಿದರೆ, ಅದನ್ನು ಪೀಪಾಯಿಯಲ್ಲಿ ಕೂಡಿಟ್ಟು ಶುದ್ಧಿಮಾಡುವವರಿಗೆ ಕೊಡುವರೋ ಇಲ್ಲವೋ ಎಂದು ವಿಚಾರಿಸುವುದಕ್ಕೆ ನಾಚಬಾರದು. ಮನೆಯಲ್ಲಿಯೇ ಬದಲಿಸುವವನು ಮುಚ್ಚಳವಿರುವ ಹಳೆಯ ಡಬ್ಬವೊಂದರಲ್ಲಿ ಅದನ್ನು ತುಂಬಿ, ಮಕ್ಕಳ ಕೈಗೆ ಎಟುಕದ ಕಡೆ ಇಟ್ಟು, ಮುಂದಿನ ಸಲ ಗಾಡಿಯನ್ನು ಒಯ್ಯುವಾಗ ಜೊತೆಯಲ್ಲಿ ಒಯ್ದು ಅವರಿಗೆ ಒಪ್ಪಿಸತಕ್ಕದ್ದು. ನಮ್ಮ ಹುಡುಗನ ಡಬ್ಬವು ಕೊಟ್ಟಿಗೆಯ ಅಟ್ಟದ ಮೇಲಿದೆ. ಮೇಲೆ ತಾರೀಖನ್ನು ಬರೆದಿಟ್ಟಿರುವನು.