ಹಿಂದೆ ಕೂತವರ ನೋವಿಗೆ ಅಳತೆ ಯಾವುದು?

ಪರರನ್ನು ತನ್ನ ಹಾಗೆಯೇ ಎಣಿಸಬೇಕು ಎಂಬುದನ್ನು ಧರ್ಮದ ತಿರುಳೆಂದು ನಾವು ಕೇಳುತ್ತ ಬಂದಿದ್ದೇವೆ. ಸರ್ವಜ್ಞ ಹೇಳಿದ್ದು ಅದನ್ನೇ. ಭಗವದ್ಗೀತೆಯ ಆರನೆಯ ಅಧ್ಯಾಯವೂ ಸುಖದುಃಖಗಳಲ್ಲಿ ಎಲ್ಲರನ್ನೂ ತನ್ನಂತೆ ಕಾಣುವವನನ್ನು ಯೋಗಿಗಳಲ್ಲಿ ಮೇಲಿನವನೆಂದು ಎಣಿಸುತ್ತದೆ. ಆದರೆ ಈ ತತ್ವವನ್ನು ಅವಸರದಲ್ಲಿ ಅರ್ಥಮಾಡಿಕೊಂಡರೆ ಅದು ತಪ್ಪು ತೀರ್ಮಾನವೊಂದಕ್ಕೆ ದಾರಿ ಮಾಡುತ್ತದೆ: ನನಗೆ ನೋಯುತ್ತಿಲ್ಲವಾದ್ದರಿಂದ ಅವರಿಗೂ ನೋಯುತ್ತಿರಲಾರದು. ಈ ತೀರ್ಮಾನ ಎಲ್ಲಿ ಎಡವುತ್ತದೆಂದು ನೋಡಲು ದೊಡ್ಡ ಶಾಸ್ತ್ರಚರ್ಚೆ ಬೇಕಿಲ್ಲ. ಚೆನ್ನೈನ ಪೆರಂಬೂರಿನ ರಸ್ತೆಗಳಲ್ಲಿ ಇಬ್ಬರನ್ನು ಹೊತ್ತು ಸಾಗುವ ಯಾವ ಮೋಟಾರ್ ಸೈಕಲ್ಲನ್ನು ಗಮನಿಸಿದರೂ ಸಾಕು.

ಸವಾರ ಕೂರುವುದು ಎರಡು ಚಕ್ರಗಳ ನಡುವೆ; ಹಿಂದಿನವರು ಕೂರುವುದು ಹೆಚ್ಚುಕಡಿಮೆ ಹಿಂಚಕ್ರದ ನೆತ್ತಿಯ ಮೇಲೆ. ಹಿಂಚಕ್ರ ಗುಂಡಿಗೆ ಬಿದ್ದೆದ್ದಾಗ ಗಾಡಿ ಮುಂಚಕ್ರವನ್ನು ಆಧಾರ ಮಾಡಿಕೊಂಡು ಹಿಂದುಗಡೆ ಎಗರುತ್ತದೆ. ಆ ಏರಿಳಿತದಲ್ಲಿ ಒಂದು ಪಾಲು ಮಾತ್ರ ಸವಾರನಿಗೆ ತಟ್ಟುತ್ತದೆ, ಹಿಂದಿನವರ ಬೆನ್ನುಮೂಳೆಗೆ ಬಹುಪಾಲು ಪೂರ್ತಿಯಾಗಿಯೇ ಹೋಗುತ್ತದೆ. ಕೂತ ಮೈ ಸೆಕೆಂಡಿಗೆ 4ರಿಂದ 8 ಸಲ ಮೇಲೆಕೆಳಗಾಗುವ ಅಲುಗಾಟಕ್ಕೆ ಎಲ್ಲಕ್ಕಿಂತ ಬೇಗ ಬಳಲುತ್ತದೆ. ಸವಾರನ ಕೈಯಲ್ಲಿ ಹ್ಯಾಂಡಲ್ ಇದೆ. ಹಂಪ್ ಕಂಡೊಡನೆ ಕಾಲ ಮೇಲೆ ಭಾರ ಹಾಕಿ ಸೊಂಟವನ್ನು ತುಸು ಎತ್ತುತ್ತಾನೆ. ಹಿಂದಿನವರಿಗೆ ಎದುರಿಗಿರುವುದು ಒಂದು ಬೆನ್ನು. ಪೆಟ್ಟು ಬಿದ್ದ ಮೇಲೆಯೇ ಗುಂಡಿ ಇತ್ತೆಂದು ತಿಳಿಯುವುದು. ಸೀರೆ ಉಟ್ಟು ಒಂದೇ ಬದಿಗೆ ಕಾಲು ಹಾಕಿ ಕೂತವರಿಗಂತೂ ಮೈಯನ್ನು ಹಗುರ ಮಾಡಿಕೊಳ್ಳುವ ಉಪಾಯವೂ ಇಲ್ಲ. ವೇಗ, ದಾರಿ, ಬ್ರೇಕು ಎಲ್ಲವನ್ನೂ ನಿರ್ಧರಿಸುವವರು ಒಬ್ಬರು. ಆ ನಿರ್ಧಾರಗಳ ಫಲವನ್ನು ಹೆಚ್ಚಾಗಿ ಉಣ್ಣುವವರು ಇನ್ನೊಬ್ಬರು. ನೈತಿಕ ಪ್ರಶ್ನೆ ಹುಟ್ಟುವುದು ಈ ಅಂತರದಲ್ಲಿ.

ಇಂಥ ಅಂತರವನ್ನು ಹೇಗೆ ದಾಟಬಹುದೆಂಬುದಕ್ಕೆ ಪೆರಂಬೂರಿನಲ್ಲೇ ಒಂದು ಸಾಕ್ಷ್ಯವಿದೆ. 1955ರ ಅಕ್ಟೋಬರ್ 2ರಂದು ನೆಹರೂ ಉದ್ಘಾಟಿಸಿದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಇಲ್ಲಿನದು. ಸ್ವಿಟ್ಜರ್ಲೆಂಡಿನ ತಂತ್ರಜ್ಞಾನದಿಂದ ಬೆಳೆದ ಅದರ ರೈಲುಡಬ್ಬಿಗಳಲ್ಲಿ ಅಚ್ಚಿನ ಬಳಿ ಒಂದು ಹಂತದ ಸುರುಳಿ ಸ್ಪ್ರಿಂಗು, ಡಬ್ಬಿಯ ಭಾರ ಹೊರುವಲ್ಲಿ ಇನ್ನೊಂದು ಹಂತ, ಕುಲುಕಾಟ ಅಡಗಿಸಲು ಎಣ್ಣೆಯ ಡ್ಯಾಂಪರ್‌ಗಳು. 2018ರಲ್ಲಿ ಇಲ್ಲಿಂದಲೇ ಹೊರಟು ಮುಂದೆ ವಂದೇ ಭಾರತ್ ಎನ್ನಿಸಿಕೊಂಡ ರೈಲಿನಲ್ಲಿ ಎರಡನೆಯ ಹಂತಕ್ಕೆ ಗಾಳಿಯ ಸ್ಪ್ರಿಂಗ್ ಬಂತು. ಡಬ್ಬಿ ಕಟ್ಟುವವರು ಅದರಲ್ಲಿ ಪಯಣಿಸುವವರನ್ನು ಎಂದೂ ಕಾಣರು. ಆದ್ದರಿಂದ ರೈಲ್ವೆಯ ಪರೀಕ್ಷೆಗಳಲ್ಲಿ ಯಾರೊಬ್ಬರ ಅನಿಸಿಕೆಯನ್ನೂ ನೆಚ್ಚಿಕೊಳ್ಳದೆ, ಪೆಟ್ಟು ಜೋರಾಗಿ ತಟ್ಟುವ ಚಕ್ರಗಳ ಮೇಲ್ಗಡೆಯ ನೆಲದಲ್ಲೇ ಉಪಕರಣವಿಟ್ಟು ಅಲುಗಾಟವನ್ನು ಅಳೆಯುತ್ತಾರೆ. ಅಳತೆಯ ಜಾಗವನ್ನೇ ಬದಲಿಸುವ ಈ ಕ್ರಮದಲ್ಲಿ ನನಗೆ ಧರ್ಮದ ದೊಡ್ಡ ಪಾಠ ಕಾಣುತ್ತದೆ: ಇನ್ನೊಬ್ಬರನ್ನು ತನ್ನಂತೆ ಎಣಿಸುವುದೆಂದರೆ ತನ್ನ ಜಾಗದಿಂದ ಎಣಿಸುವುದಲ್ಲ, ಅವರ ಜಾಗಕ್ಕೆ ಹೋಗಿ ಎಣಿಸುವುದು.

ಹಾಗೆ ಎಣಿಸಿದಾಗ ಕರುಣೆಯೆಂದರೆ ಮೆತ್ತಗಿರುವುದು ಎಂಬ ಇನ್ನೊಂದು ನಂಬಿಕೆಯೂ ಬೀಳುತ್ತದೆ. ಹಿಂದಿನವರಿಗೆ ಹಿತವಾಗಲೆಂದು ಸ್ಪ್ರಿಂಗನ್ನು ಸಡಿಲವಾಗಿಯೇ ಬಿಟ್ಟರೆ ಇಬ್ಬರ ಭಾರಕ್ಕೆ ಶಾಕ್ ಅಬ್ಸಾರ್ಬರ್ ಮೊದಲೇ ಕುಗ್ಗಿರುತ್ತದೆ. ಗುಂಡಿ ಬಂದಾಗ ಉಳಿದಷ್ಟೂ ಕುಗ್ಗಿ ತಳ ಬಡಿಯುತ್ತದೆ, ಪೆಟ್ಟು ನೇರ ಸೊಂಟಕ್ಕೆ. ಆದ್ದರಿಂದ ಇಬ್ಬರು ಕೂರುವಾಗ ಪ್ರೀಲೋಡ್, ಅಂದರೆ ಸ್ಪ್ರಿಂಗಿಗೆ ಮೊದಲೇ ಕೊಟ್ಟಿಟ್ಟ ಬಿಗಿತ, ಏರಿಸಬೇಕು. ಅದರಿಂದ ಸ್ಪ್ರಿಂಗ್ ಗಡುಸಾಗುವುದಿಲ್ಲ; ಗಾಡಿಯ ಹಿಂಭಾಗ ತನ್ನ ಎತ್ತರಕ್ಕೆ ಮರಳಿ, ಕುಗ್ಗಲು ಜಾಗ ಉಳಿಯುತ್ತದೆ. ಇಬ್ಬರ ಭಾರ ಕೂತಾಗ ಒಟ್ಟು ಚಲನೆಯ ಸುಮಾರು ಮೂರನೆಯ ಒಂದು ಪಾಲಿನಷ್ಟು ಇಳಿದರೆ ಹದ. ಎಷ್ಟು ಏರಿಸಿದರೂ ತಳ ಬಡಿದರೆ ಆ ಭಾರಕ್ಕೆ ತಕ್ಕ ಬೇರೆ ಸ್ಪ್ರಿಂಗೇ ಬೇಕು. ಎಣ್ಣೆ ಸೋರಿ ಡ್ಯಾಂಪಿಂಗ್ ಸತ್ತ ಶಾಕ್ ಅಬ್ಸಾರ್ಬರ್ ಒಂದು ಪೆಟ್ಟನ್ನು ಹಲವು ಕುಲುಕಾಟವಾಗಿಸುತ್ತದೆ; ಅದನ್ನು ಬದಲಿಸಲೇಬೇಕು. ಟೈರಿನ ಗಾಳಿಯೂ ಇಬ್ಬರ ಭಾರಕ್ಕೆ ಕಂಪನಿ ಹೇಳಿದಷ್ಟಿರಬೇಕು. ಆಧಾರ ಕೊಡುವುದು, ಮಿತಿಯಲ್ಲಿ ಬಗ್ಗುವುದು, ಬಗ್ಗಿದ್ದು ಮತ್ತೆ ಎಗರದಂತೆ ತಡೆಯುವುದು: ಹಿತ ಈ ಮೂರೂ ಕೂಡಿದಾಗಿನ ಫಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಮೈಸುಖಕ್ಕೆ ಇಷ್ಟು ಮಹತ್ವ ಕೊಡುವುದು ಧರ್ಮವೇ, ನೋವನ್ನು ಸಹಿಸಿಕೊಳ್ಳುವ ತಿತಿಕ್ಷೆಯನ್ನಲ್ಲವೇ ಹಿರಿಯರು ಕಲಿಸಿದ್ದು ಎಂಬುದು. ತಿತಿಕ್ಷೆ ತಾನು ತನ್ನ ಮೈಮೇಲೆ ಹೊರುವ ವ್ರತ. ಅದನ್ನು ಇನ್ನೊಬ್ಬರ ಮೈಮೇಲೆ ಹೇರಿದರೆ ಹಿಂಸೆಯಾಗುತ್ತದೆ. ಕಾನೂನು ಪಾಲಿಸಿದರೆ ಸಾಲದೇ ಎಂಬುದು ಎರಡನೆಯದು. ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಿನವರಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಚಕ್ರಕ್ಕೆ ಸಿಗದಂತೆ ತಡೆ ಇರಬೇಕೆನ್ನುತ್ತವೆ. ಅವು ಬೀಳದಂತೆ ಕಾಯುತ್ತವೆ. ನೋಯದಂತೆ ಕಾಯುವ ಹೊಣೆ ಗಾಡಿ ಹಿಡಿದವರಿಗೇ ಉಳಿಯುತ್ತದೆ. ನಿಧಾನ ಹೋದರೆ ಸಾಕೆಂಬ ಮೂರನೆಯ ಮಾತಿನಲ್ಲಿ ಸತ್ಯವಿದೆ, ಅದೇ ಮೊದಲ ಕರ್ತವ್ಯವೂ ಹೌದು. ಆದರೆ ಮಳೆನೀರು ನಿಂತ ರಸ್ತೆಯಲ್ಲಿ ಸವಾರನ ಕಣ್ಣಿಗೂ ಗುಂಡಿ ಕಾಣದು. ಕಣ್ಣು ಸೋತಲ್ಲಿ ಕಾಯಬೇಕಾದ್ದು ಮೊದಲೇ ಮಾಡಿಟ್ಟ ಸಿದ್ಧತೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ಹಿಂದೆ ಕೂತವರೇ ದೂರುವುದಿಲ್ಲವಲ್ಲ ಎಂಬುದು. ಆದರೆ ತಾಯಿ, ಹೆಂಡತಿ, ಜೊತೆಗೆಲಸದವರು ಇನ್ನೊಬ್ಬರ ಗಾಡಿಯನ್ನು ನೆಚ್ಚಿ ಹೊರಟವರು. ಉಪಕಾರ ಪಡೆಯುತ್ತಿದ್ದೇವೆಂಬ ಸಂಕೋಚ ಅವರ ಬಾಯಿ ಕಟ್ಟುತ್ತದೆ. ಅಂಥ ಮೌನವನ್ನು ಒಪ್ಪಿಗೆಯೆಂದು ಓದುವ ಹಕ್ಕು ಗಾಡಿ ಹಿಡಿದವರಿಗಿಲ್ಲ. ಹ್ಯಾಂಡಲನ್ನು ಇನ್ನೊಬ್ಬರಿಗೆ ಕೊಟ್ಟು, ದಿನವೂ ಓಡಾಡುವ ರಸ್ತೆಯಲ್ಲೇ ಹಿಂದಿನ ಸೀಟಿನಲ್ಲಿ ಕೂತು ಹೋಗುವುದನ್ನು ಪ್ರತಿಯೊಬ್ಬ ಸವಾರನೂ ಕರ್ತವ್ಯವೆಂದು ತಿಳಿಯಬೇಕು. ಅಲ್ಲಿ ತಿಳಿದದ್ದನ್ನು ಶಾಕ್ ಅಬ್ಸಾರ್ಬರಿನಲ್ಲಿ ಸರಿಪಡಿಸಿದಾಗ ಮಾತ್ರ, ಪರರನ್ನು ತನ್ನಂತೆ ಕಂಡೆನೆಂಬ ಮಾತಿಗೆ ಬೆಲೆ ಬರುತ್ತದೆ.